ಸೇತುವೆ ಕಾಯುತ್ತಿದ್ದ ಮಾಸ್ಟ್ರು

ಕುಂಬ್ರದ ಸಭಾಭವನದಲ್ಲಿ ನಮ್ಮ ಕನ್ನಡ ಮಾಸ್ಟ್ರಿಗೆ ನುಡಿನಮನ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ಕಂಚಿನ ಕಂಠ ಎಂದರು. ಒಬ್ಬರು ಸಿಂಹಕಂಠ ಎಂದರು. ಮೈಕ್ ಆಗಾಗ ಕೈಕೊಡುತ್ತಿದ್ದುದರಿಂದ ಕಂಚೂ ಸಿಂಹವೂ ಹಿಂದಿನ ಸಾಲಿಗೆ ಸರಿಯಾಗಿ ಮುಟ್ಟಲಿಲ್ಲ. ನನ್ನ ಸರದಿ ಬಂದಾಗ ನಾನು ಎರಡು ಮಾತು ಹೇಳಿ ಕೂತೆ. ಹೇಳಬೇಕೆಂದಿದ್ದದ್ದು ಬೇರೆ. ಅವರದು ಕಂಚಿನ ಕಂಠ ಅಲ್ಲವೇ ಅಲ್ಲ. ತೆಂಗಿನಕಾಯಿ ತುರಿಯುವಾಗ ಬರುತ್ತದಲ್ಲ, ಅಂಥ ಸ್ವರ. ಫ್ರಾಂಕ್ಲಿ, ಕಡೆಯ ಎರಡು ವರ್ಷ ಅದೂ ಇರಲಿಲ್ಲ. ಆದರೆ ಎದುರಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಹಾಗಾಗಿ ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನಮಗೆ ಎಲೊಕ್ಯೂಷನ್ ಕಲಿಸಿದ್ದರು. ನೆಟ್ಟಗೆ ನಿಲ್ಲು, ಬಾಗಿಲ ಮೇಲಿನ ಗಡಿಯಾರ ನೋಡು, ಕಲಿತದ್ದನ್ನು ಕಲಿತ ಹಾಗೆ ಒಪ್ಪಿಸು. ಪುತ್ತೂರಿನ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಸೇರಿದಾಗ ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕಿದ್ದು ಕನ್ನಡ ಮಾಸ್ಟ್ರ ಎದುರಿನ ಕುರ್ಚಿ. ಅಷ್ಟು ಒಳ್ಳೆಯ ಕುರ್ಚಿ, ಫ್ಯಾನಿನ ಕೆಳಗೆ ಬೇರೆ, ಯಾಕೆ ಖಾಲಿ ಇತ್ತೆಂದು ವಾರದೊಳಗೆ ಗೊತ್ತಾಯಿತು.

"ಟೀಚರ್, ಇವತ್ತು ಸೆಕೆ ಜಾಸ್ತಿ ಅಲ್ವಾ?"

"ಹೌದು ಮಾಸ್ಟ್ರೆ."

"ಹಾಗೆ ಒಪ್ಪಿದ್ರೆ ಹೇಗೆ? ಇಲ್ಲ ಅಂತ ಹೇಳಿ. ಇಲ್ಲದಿದ್ರೆ ಮಾತು ಮುಂದೆ ಹೋಗುದು ಹೇಗೆ?"

ಒಮ್ಮೆ ಸ್ಟಾಫ್ ಮೀಟಿಂಗಿನಲ್ಲಿ ಅವರೇ ಎದ್ದು, ಲೈಬ್ರರಿಯನ್ನು ಮಹಡಿಯಿಂದ ಕೆಳಗೆ ತರಬೇಕು ಎಂದರು. ಎಲ್ಲರೂ ಸರಿ ಎಂದರು. ಅವರ ಮುಖ ಬಾಡಿತು. ಸ್ವಲ್ಪ ಹೊತ್ತು ಕಾದರು. ವಿರೋಧಿಸಲು ಯಾರೂ ಏಳದಾಗ ಅವರೇ ಮತ್ತೆ ಎದ್ದು, ಲೈಬ್ರರಿ ಯಾಕೆ ಕೆಳಗೆ ಬರಬಾರದು ಎಂದು ವಾದಿಸಿದರು. ಆ ವಾದ ಎಷ್ಟು ಚೆನ್ನಾಗಿತ್ತೆಂದರೆ ಪ್ರಸ್ತಾಪ ಬಿದ್ದುಹೋಯಿತು. ಅವರು ರಿಟೈರ್ ಆಗುವವರೆಗೂ ಲೈಬ್ರರಿ ಮಹಡಿಯಲ್ಲೇ ಇತ್ತು. ಪುಸ್ತಕ ಬೇಕಾದಾಗಲೆಲ್ಲ ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದವರು ಅವರೇ.

ಅವರು ತಾಳಮದ್ದಳೆಯ ಅರ್ಥಧಾರಿ. ನಮ್ಮ ಕಡೆ ಅದನ್ನು ವಿವರಿಸಬೇಕಾಗಿಲ್ಲ, ದೂರದವರಿಗಾಗಿ ಒಂದು ಮಾತು. ಯಕ್ಷಗಾನದ್ದೇ ಕತೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ತಾಳ ಹಿಡಿದು ಪದ ಹಾಡುತ್ತಾರೆ. ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತಲ್ಲೇ ಪಾತ್ರವಾಗಿ ಎದುರು ಬದುರು ವಾದಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮೊನ್ನೆ ಆಡಿದ ಮಾತನ್ನೇ ಇವತ್ತು ಆಡಿದರೆ ಅದು ಅರ್ಥಧಾರಿಗೆ ಅವಮಾನ. ಮಾಸ್ಟ್ರು ಮಾತು ಶುರುಮಾಡುವ ಮುಂಚೆ ಕೈಗಡಿಯಾರ ಬಿಚ್ಚಿ ಮುಖ ಕೆಳಗೆ ಮಾಡಿ ಇಡುತ್ತಿದ್ದರು. ಕ್ಲಾಸಿನಲ್ಲೂ ಹಾಗೆಯೇ. ಮಕ್ಕಳು ಅದನ್ನು ನೋಡಿದ ಕೂಡಲೇ ಬೆಂಚಿಗೆ ಒರಗುತ್ತಿದ್ದರು.

ಅವರು ಯಾವಾಗಲೂ ತೆಗೆದುಕೊಳ್ಳುತ್ತಿದ್ದದ್ದು ಸೋಲುವ ಪಾತ್ರ. ಯಾಕೆ ಎಂದು ಕೇಳಿದ್ದೆ.

"ಗೆಲ್ಲುವವನಿಗೆ ಮಾತು ಯಾಕೆ ಟೀಚರ್? ಅವನಿಗೆ ಗೆಲುವು ಉಂಟಲ್ಲ."

ಬಾಣ ತಾಗಿದ ಮೇಲೆ ಸಾಯುವ ಮುಂಚೆ ಅವರು ಮುಕ್ಕಾಲು ಗಂಟೆ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದೆ ಅಡುಗೆಯವರು ಸಾರು ಮತ್ತೊಮ್ಮೆ ಬಿಸಿಗಿಡುತ್ತಿದ್ದರು.

ಗೆಲ್ಲುವ ಪಾತ್ರ ಹೆಚ್ಚಾಗಿ ಕಡಬದ ಭಟ್ರದ್ದು. ನಲವತ್ತು ವರ್ಷ ಇವರಿಬ್ಬರು ಎದುರು ಬದುರು ಕೂತಿದ್ದಾರೆ. ವೇದಿಕೆ ಇಳಿದರೆ ಮಾತಿಲ್ಲ. ಸಂಘಟಕರು ಒಂದೇ ಜೀಪಿನಲ್ಲಿ ಕಳಿಸಿದರೆ ಒಬ್ಬರು ಡ್ರೈವರ್ ಪಕ್ಕ, ಒಬ್ಬರು ಹಿಂದೆ. "ಅವನನ್ನು ಮಾತಾಡ್ಲಿಕ್ಕೆ ಬಿಟ್ರೆ ಬೆಳಗಾಗ್ತದೆ" ಎಂದು ಭಟ್ರು. "ಅವರಿಗೆ ಕಿವಿ ಇಲ್ಲ, ಬಾಯಿ ಮಾತ್ರ" ಎಂದು ಮಾಸ್ಟ್ರು.

ರಿಟೈರ್ ಆದ ಮೇಲೆ ಮಾಸ್ಟ್ರು ಕುಂಬ್ರದಲ್ಲಿ, ನಾನು ಪುತ್ತೂರಿನಲ್ಲಿ. ಒಂದು ದಿನ ರಶ್ಮಿ ನನ್ನ ಮನೆಗೆ ಬಂದಳು. ನಮ್ಮಿಬ್ಬರ ಹಳೆಯ ಸ್ಟೂಡೆಂಟ್, ಈಗ ಮಂಗಳೂರಿನಲ್ಲಿ ಡಬ್ಬಿಂಗ್ ಕೆಲಸ. ಯಾವುದೋ ಹೊರದೇಶದ ಆನ್‌ಲೈನ್ ಗೇಮ್‌ಗೆ ಕನ್ನಡ ಸ್ವರ ಹಾಕುವ ಕೆಲಸ ಅವರ ಸಂಸ್ಥೆಗೆ ಸಿಕ್ಕಿತ್ತು. ಲೋಕದ ಎಲ್ಲೆಲ್ಲಿಂದಲೋ ಜನ ಕತ್ತಿ ಹಿಡಿದ ವೇಷ ಹಾಕಿಕೊಂಡು ಫೋನಿನಲ್ಲೇ ಒಂದು ರಾಜ್ಯದೊಳಗೆ ಹೋಗುತ್ತಾರಂತೆ. ಅಲ್ಲಿ ಒಂದು ಸೇತುವೆ. ಸೇತುವೆಗೆ ಒಬ್ಬ ಮುದಿ ಕಾವಲುಗಾರ. ಪಕ್ಕದಲ್ಲಿ ಒಂದು ಕಲ್ಲು. ಬಂದವನು ಬೇಕಾದರೆ ಕಲ್ಲಿನ ಮೇಲೆ ಕೂತು ಕಾವಲುಗಾರನ ಮಾತು ಕೇಳಬಹುದು. ಆಮೇಲೆ ಯುದ್ಧ. ಕಾವಲುಗಾರ ಸತ್ತರೆ ಸೇತುವೆ ದಾಟಬಹುದು.

"ಮುಂದಿನವ ಬರುವಾಗ?" ಮಾಸ್ಟ್ರು ಕೇಳಿದರು. ರಶ್ಮಿಯನ್ನು ಕುಂಬ್ರಕ್ಕೆ ಕರೆದುಕೊಂಡು ಹೋಗಿದ್ದೆ.

"ಮುಂದಿನವನಿಗೆ ಕಾವಲುಗಾರ ಮತ್ತೆ ಇರ್ತಾನೆ ಸರ್."

"ಅಂದ್ರೆ ನಾನು ದಿನಾ ಸೋಲ್ಬೇಕು."

"ಹೌದು ಸರ್."

"ಒಳ್ಳೆ ಪಾತ್ರ" ಎಂದರು ಮಾಸ್ಟ್ರು.

ಮಂಗಳೂರಿನ ಸ್ಟುಡಿಯೋದಲ್ಲಿ ಮೊದಲ ದಿನವೇ ಕೆಟ್ಟಿತು. ಗಾಜಿನ ಗೋಡೆಯ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಹೇಳಿ ಸರ್ ಎಂದರಂತೆ. ಮಾಸ್ಟ್ರು ಗಡಿಯಾರ ಬಿಚ್ಚಿ ಇಟ್ಟು, "ಎದುರು ಯಾರು?" ಎಂದು ಕೇಳಿದರಂತೆ.

"ಪ್ಲೇಯರ್ ಸರ್."

"ಎಲ್ಲಿದ್ದಾನೆ?"

"ಇಲ್ಲ ಸರ್. ಆಮೇಲೆ ಬರ್ತಾನೆ."

"ಅವ ಎಂತ ಹೇಳ್ತಾನೆ?"

"ಅವ ಎಂತ ಹೇಳುದಿಲ್ಲ ಸರ್. ಬಟನ್ ಒತ್ತುದು."

ಮಾಸ್ಟ್ರು ಗಡಿಯಾರ ಕಟ್ಟಿಕೊಂಡು ಬಸ್ಸಿಗೆ ಹೋದರು. ಎದುರು ಮನುಷ್ಯ ಇಲ್ಲದೆ ಅರ್ಥ ಹೇಳಿದವರು ಅವರ ಪೈಕಿ ಯಾರೂ ಇಲ್ಲವಂತೆ.

ಹಾಗೆ ರೆಕಾರ್ಡಿಂಗ್ ಪುತ್ತೂರಿಗೆ, ನನ್ನ ಮನೆಗೆ ಬಂತು. ನನ್ನ ಹಾಸಿಗೆ ಇಡುವ ಕೋಣೆಯ ಗೋಡೆಗೆಲ್ಲ ರಶ್ಮಿ ಕೌದಿ ತೂಗುಹಾಕಿದಳು. ಫ್ರಿಜ್ ಆಫ್, ಫ್ಯಾನ್ ಆಫ್. ಎಪ್ರಿಲ್ ತಿಂಗಳು. ಪಕ್ಕದ ಮನೆಯವರು ಮಸಾಲೆ ಅರೆಯುವುದು ಮುಗಿಯುವವರೆಗೆ ನಾವು ಮೂವರೂ ಬೆವರುತ್ತಾ ಸುಮ್ಮನೆ ಕೂರಬೇಕಿತ್ತು. ಮಾಸ್ಟ್ರ ಎದುರು ನಾನು. ನಾನೇ ಪ್ಲೇಯರ್. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ ಕಡೆಗೆ ಸಿಕ್ಕಿದ ಪಾರ್ಟ್ ಬಟನ್ ಒತ್ತುವ ಒಬ್ಬನದ್ದು.

ಕಾವಲುಗಾರನಿಗೆ ಬರೆದುಕೊಟ್ಟದ್ದು ನಾಲ್ಕು ಸಾಲು. ಮಾಸ್ಟ್ರು ಅದನ್ನು ಒಮ್ಮೆ ನೋಡಿ, ಪಕ್ಕಕ್ಕಿಟ್ಟು, ಇಪ್ಪತ್ತು ನಿಮಿಷ ಮಾತಾಡಿದರು.

"ಸರ್, ಸೂಪರ್. ಇದನ್ನೇ ಇನ್ನೊಮ್ಮೆ ಹೇಳಿ, ಸ್ವಲ್ಪ ಶಾರ್ಟ್."

ಮಾಸ್ಟ್ರು ಇನ್ನೊಮ್ಮೆ ಹೇಳಿದರು. ಇದರಲ್ಲಿ ಮೊದಲಿನ ಒಂದು ಶಬ್ದವೂ ಇರಲಿಲ್ಲ.

"ಸರ್, ಮೊದಲು ಹೇಳಿದ್ದು..."

"ಅದು ಹೇಳಿ ಆಯ್ತಲ್ಲ ಮಗ."

ಮೂರು ಸಂಜೆ ಹೀಗೆ ಹೋಯಿತು. ಅಷ್ಟೂ ಮಾತಿನಿಂದ ರಶ್ಮಿ ಕಡೆಗೆ, ಬರೆದುಕೊಟ್ಟ ನಾಲ್ಕು ಸಾಲಿನ ಬದಲಿಗೆ, ಒಂದು ತುಂಡನ್ನು ಉಳಿಸಿಕೊಂಡಳು. ಅದು ನನಗೆ ನೆನಪಿದೆ, ಯಾಕೆಂದರೆ ಅವರು ಅದನ್ನು ಹೇಳಿದ್ದು ನನ್ನ ಮುಖ ನೋಡಿ.

"ಬಂದೆಯಾ? ಕುಳಿತುಕೋ. ಈ ಸೇತುವೆ ನನ್ನದಲ್ಲ. ಆಚೆಯ ದಡವೂ ನನ್ನದಲ್ಲ. ಕಾಯಲು ಹೇಳಿದವರು ಯಾರೆಂಬುದು ಮರೆತುಹೋಗಿದೆ. ನನ್ನ ಮಾತು ಕೇಳದೆ ನೀನು ದಾಟಿದರೆ ನನಗೆ ಅವಮಾನ, ಕೇಳಿ ದಾಟಿದರೆ ಸಾವು. ಎರಡರಲ್ಲಿ ಒಂದು ಹೇಗೂ ಬರುವುದೇ. ಆದರೆ ನಿನಗೇನು ಅವಸರ?"

ನನಗೇನೂ ಅವಸರ ಇರಲಿಲ್ಲ. ಹಾಗೆ ಹೇಳುವಂತಿರಲಿಲ್ಲ, ಮೈಕ್ ಆನ್ ಇತ್ತು.

ಅದರ ನಂತರ ಪೆಟ್ಟು. ಗೇಮಿನಲ್ಲಿ ಮಾತಿಗಿಂತ ಪೆಟ್ಟಿನ ಸದ್ದೇ ಹೆಚ್ಚು ಬೇಕಂತೆ. ಸಣ್ಣ ಪೆಟ್ಟು, ದೊಡ್ಡ ಪೆಟ್ಟು, ಬೆಂಕಿ ತಾಗಿದ್ದು, ನೀರಿಗೆ ಬಿದ್ದದ್ದು, ವಿಷ ಏರಿದ್ದು. ಒಂದೊಂದಕ್ಕೂ ಬೇರೆ ಬೇರೆ ಕೂಗು, ಗಂಟಲು ಬಿಚ್ಚಿ.

"ಯಾರು ಹೊಡೆದದ್ದು?" ಮಾಸ್ಟ್ರು ಕೇಳಿದರು.

"ಪ್ಲೇಯರ್ ಸರ್."

"ಯಾಕೆ?"

"ಹಾಗೇ ಸರ್. ದಾಟ್ಲಿಕ್ಕೆ."

"ಕಾರಣ ಇಲ್ಲದೆ ಪೆಟ್ಟು ತಿನ್ನುದು ಹೇಗೆ?"

ಅವರು ಹಾಕಿದ ಕೂಗು ನಿಜಕ್ಕೂ ಕಾರಣವಿಲ್ಲದ ಕೂಗಿನ ಹಾಗೆಯೇ ಇತ್ತು. ರಶ್ಮಿ ನನ್ನನ್ನು ನೋಡಿದಳು. ನಾನು ಸ್ವಲ್ಪ ಯೋಚಿಸಿ ಹೇಳಿದೆ, "ಮಾಸ್ಟ್ರೆ, ಇವತ್ತು ನಿಮ್ಮ ಪೀರಿಯಡನ್ನು ಹೆಡ್‌ಮಾಸ್ಟ್ರು ಡ್ರಿಲ್‌ಗೆ ಕೊಟ್ಟಿದ್ದಾರೆ."

"ಆಹ್!" ಎಂದರು.

"ಸಣ್ಣ ಪೆಟ್ಟು ಓಕೆ" ಎಂದಳು ರಶ್ಮಿ.

ದೊಡ್ಡ ಪೆಟ್ಟಿಗೆ, ಶಾಲಾ ವಾರ್ಷಿಕೋತ್ಸವದಲ್ಲಿ ಅವರ ಭಾಷಣಕ್ಕೆ ಮೂರೇ ನಿಮಿಷ ಎಂದೆ. ಬೆಂಕಿಗೆ, ಕಡಬದ ಭಟ್ರಿಗೆ ಪ್ರಶಸ್ತಿ ಬಂದಿದೆ ಎಂದೆ. ಆ ಕೂಗಿಗೆ ಪಕ್ಕದ ಮನೆಯವರು ಗೋಡೆ ಹತ್ತಿರ ಬಂದು "ಟೀಚರ್, ಎಂತ ಆಯ್ತು?" ಎಂದು ಕೇಳಿದರು. ರಶ್ಮಿ ಸಾಕು ಸಾಕು ಎಂದಳು. ಮಾಸ್ಟ್ರು ಬಿಡಲಿಲ್ಲ. ಕಾರಣ ಸಿಕ್ಕಿದ ಮೇಲೆ ಹಳೆಯ ಕೂಗುಗಳೆಲ್ಲ ಸುಳ್ಳೆಂದು ಕಂಡವು, ಎಲ್ಲವನ್ನೂ ಮೊದಲಿನಿಂದ ಕೂಗಿದರು. ಸಿಸ್ಟರ್‌ಗಳು ಹೇಳುತ್ತಿದ್ದ ಹಾಗೆ ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಸ್ವರ ತೆಗೆಯಿರಿ ಎಂದು ನಾನು ಹೇಳಿದೆ. "ಪೆಟ್ಟು ಬಿದ್ದವ ಹೊಟ್ಟೆ ಹುಡುಕ್ತಾ ಕೂರ್ತಾನಾ ಟೀಚರ್?" ಎಂದರು. ಬೆಚ್ಚಗಿನ ಜೀರಿಗೆ ನೀರು ಕುಡಿದರು. ಮತ್ತೆ ಕೂಗಿದರು. ಆ ವಾರದ ಕಡೆಗೆ ಅವರ ಸ್ವರದಲ್ಲಿ ಕಾಯಿಯೇ ಇಲ್ಲದೆ ಬರೀ ತುರಿಮಣೆ ಉಳಿದಿತ್ತು.

ಕಡೆಯದ್ದು ಸಾವು.

"ಇದಕ್ಕೆ ಎಷ್ಟು ಹೊತ್ತು ಉಂಟು?"

"ಒಂದೂವರೆ ಸೆಕೆಂಡ್ ಸರ್."

ಮಾಸ್ಟ್ರು ಜೀರಿಗೆ ನೀರಿನ ಲೋಟ ಕೆಳಗಿಟ್ಟರು. "ಸಾಯುವ ಮೊದಲು ಎಂತಾದ್ರೂ ಹೇಳ್ಲಿಕ್ಕೆ ಇರ್ತದೆ ಅಲ್ವಾ ಮಗ? ಅಷ್ಟು ದಿನ ಕಾದವನಿಗೆ?"

"ಪ್ಲೇಯರ್ ಅಷ್ಟರಲ್ಲಿ ಮುಂದೆ ಹೋಗಿರ್ತಾನೆ ಸರ್."

ಅವರು ಸಾಯಲು ನೋಡಿದರು. ಆಗಲಿಲ್ಲ. ಪ್ರತಿ ಸಲವೂ ಕಡೆಗೆ ಒಂದು ವಾಕ್ಯ ಬಂದುಬಿಡುತ್ತಿತ್ತು, ಅದಕ್ಕೆ ಇನ್ನೊಂದು ಜೋಡಿಸಿಕೊಳ್ಳುತ್ತಿತ್ತು. ರಶ್ಮಿ ಕೈಯಲ್ಲಿ ತಲೆ ಹಿಡಿದು ಕೂತಳು. ಹೊರಗೆ ಕತ್ತಲಾಗುತ್ತಾ ಬಂತು, ಕುಂಬ್ರಕ್ಕೆ ಅವರ ಬಸ್ಸಿನ ಹೊತ್ತು. ನಾನು ಹೇಳಿದೆ:

"ಮಾಸ್ಟ್ರೆ, ನಾಳೆಯಿಂದ ನಾನು ನಿಮ್ಮ ಎದುರು ಕೂರುದಿಲ್ಲ."

ಅವರು ನನ್ನನ್ನು ನೋಡಿದರು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಉಸಿರು ಮಾತ್ರ ಹೋಯಿತು, ಯಾರೋ ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದ ಹಾಗೆ.

"ಪರ್ಫೆಕ್ಟ್ ಸರ್!" ಎಂದಳು ರಶ್ಮಿ.

"ರೆಕಾರ್ಡಿಂಗ್‌ಗೆ ಹೇಳಿದ್ದು ಮಾಸ್ಟ್ರೆ" ಎಂದೆ ನಾನು.

"ಗೊತ್ತುಂಟು" ಎಂದು ಗಡಿಯಾರ ಕಟ್ಟಿಕೊಂಡರು.

ಪುತ್ತೂರಿನ ಗಂಟಲಿನ ಡಾಕ್ಟ್ರು ಮಾಸ್ಟ್ರ ಬಾಯೊಳಗೆ ಕನ್ನಡಿ ಇಳಿಸಿ ನೋಡಿ, ಸ್ವರತಂತುವಿನಲ್ಲಿ ಗಂಟು ಕಟ್ಟಿದೆ, ಒಂದು ತಿಂಗಳು ಮಾತಾಡಬಾರದು ಎಂದರು. ಮಾಸ್ಟ್ರ ಹೆಂಡತಿ, "ಡಾಕ್ಟ್ರೆ, ಎರಡು ತಿಂಗಳು ಅಂತ ಬರೀರಿ" ಎಂದರು. ಡಾಕ್ಟ್ರು ನಕ್ಕರು. ಆಕೆ ನಗಲಿಲ್ಲ. ಹೊರಗೆ ಬಂದ ಮೇಲೆ ನನಗೆ ಹೇಳಿದರು, "ಇವರು ಎಂತದ್ದೋ ಸೇತುವೆ ಕಾಯ್ಲಿಕ್ಕೆ ಹೋಗಿ ಗಂಟಲು ಕೊಟ್ಟು ಬಂದ್ರು. ಇಷ್ಟು ವರ್ಷ ಮನೆಯಲ್ಲಿ ಎದುರು ಕೂತದ್ದು ನಾನು. ಅದನ್ನು ಯಾರೂ ರೆಕಾರ್ಡ್ ಮಾಡ್ಲಿಲ್ಲ."

ಮಾಸ್ಟ್ರು ಒಂದು ತಿಂಗಳು ಮಾತಾಡಲಿಲ್ಲ. ಆಮೇಲೂ ಸ್ವರ ಅರ್ಧವೇ ಬಂತು. ಮಳೆಗಾಲ ಕಳೆದ ಮೇಲೆ ಕಡಬದಲ್ಲಿ ಭಟ್ರ ಜೊತೆಗಿನ ತಾಳಮದ್ದಳೆ ಮೊದಲೇ ಒಪ್ಪಿಕೊಂಡಾಗಿತ್ತು. ಬೇಡವೆಂದರೂ ಕೇಳಲಿಲ್ಲ. ಅದಕ್ಕಾಗಿ ವಾರವಿಡೀ ಮಾತು ಉಳಿಸಿದರು, ಮನೆಯಲ್ಲಿ ಕೈಸನ್ನೆಯಲ್ಲೇ ಚಾ ಕೇಳುತ್ತಿದ್ದರಂತೆ.

ಅಂದು ಭಾನುವಾರ ಮಧ್ಯಾಹ್ನ. ನಾನೂ ಅವರ ಹೆಂಡತಿಯೂ ಎದುರಿನ ಕುರ್ಚಿಯಲ್ಲಿ. ಮಾಸ್ಟ್ರು ಗಡಿಯಾರ ಬಿಚ್ಚದೆ ಕೂತದ್ದನ್ನು ಮೊದಲು ಗಮನಿಸಿದವರು ಭಟ್ರು. ಒಂದು ಕ್ಷಣ ಆ ಕೈಯನ್ನೇ ನೋಡಿದರು. ವಾದ ಮುಂದುವರಿದಂತೆ ಮಾಸ್ಟ್ರ ಸ್ವರ ಇಳಿಯುತ್ತಾ ಹೋಯಿತು. ಮೈಕಿನವನು ವಾಲ್ಯೂಮ್ ಏರಿಸುತ್ತಾ ಹೋದ. ಕಡೆಗೆ ಮಾಸ್ಟ್ರ ಪಾತ್ರಕ್ಕೆ ಬಾಣ ತಾಗುವ ಪದ ಬಂತು. ಭಾಗವತರು ಪದ ನಿಲ್ಲಿಸಿ, ಇನ್ನು ತಮಗೆ ಮುಕ್ಕಾಲು ಗಂಟೆ ವಿಶ್ರಾಂತಿ ಎಂದುಕೊಂಡು ತಾಳ ಕೆಳಗಿಟ್ಟರು. ಮಾಸ್ಟ್ರು ಬಾಯಿ ತೆರೆದರು. ಸ್ವರ ಮುಗಿದಿತ್ತು. ಅವರು ನಮ್ಮ ಸಾಲಿನ ಕಡೆ ಒಮ್ಮೆ ನೋಡಿದರು. ನನ್ನ ಹಾಸಿಗೆ ಕೋಣೆಯಲ್ಲಿ ಕೇಳಿದ್ದ ಆ ಉಸಿರನ್ನು ಅಷ್ಟು ದೊಡ್ಡ ಮಾಡಿದ ಮೈಕಿನಲ್ಲಿ ಇಡೀ ಸಭೆ ಕೇಳಿತು.

ಆಮೇಲೆ ಏನೂ ಇಲ್ಲ. ಇನ್ನು ಗೆದ್ದವನ ಮಾತನ್ನು ಭಟ್ರು ಆಡಬೇಕಿತ್ತು. ಅವರಿಂದ ಒಂದು ಅಕ್ಷರವೂ ಹೊರಡಲಿಲ್ಲ. ಭಾಗವತರು ಗಡಿಬಿಡಿಯಲ್ಲಿ ತಾಳ ಹುಡುಕಿ ಮಂಗಳ ಹಾಡಿದರು.

ಕೈತೊಳೆಯುವ ನಲ್ಲಿಯ ಹತ್ತಿರ ಸಂಘಟಕರು, "ಟೈಮ್ ಇತ್ತಲ್ಲ ಮಾಸ್ಟ್ರೆ, ಬೇಗ ಮುಗಿಸಿದ್ರಿ" ಎಂದರು. ಅಡುಗೆಯವರಿಗೂ ಬೇಸರವಾಗಿತ್ತು, ಅನ್ನ ಆಗಿರಲಿಲ್ಲ. ಭಟ್ರು ನೇರ ನನ್ನ ಹತ್ತಿರ ಬಂದರು.

"ಅವ ಹಾಗೆ ಸಾಯ್ಲಿಕ್ಕೆ ಎಲ್ಲಿ ಕಲ್ತದ್ದು?"

"ಒಂದು ಆನ್‌ಲೈನ್ ಗೇಮಿನಲ್ಲಿ ಭಟ್ರೆ."

"ಎಂತ ಗೇಮ್? ಹೆಸರು ಹೇಳಿ. ನನಗೆ ಉತ್ತರ ಕೊಡ್ಲಿಕ್ಕೆ ಬಿಡದೆ ಸಾಯುದಾ? ಅದು ಕ್ರಮ ಅಲ್ಲ ಮಾರಾಯ್ರೆ." ನಾನು ಹೆಸರು ಹೇಳಿದೆ. ಅವರು ಉಣ್ಣದೆ ಹೋದರು.

ಅದು ಮಾಸ್ಟ್ರ ಕಡೆಯ ಕೂಟ. ಸ್ವರ ಮತ್ತೆ ಬರಲೇ ಇಲ್ಲ. ಗೇಮಿನಲ್ಲಿ ಆಗಲೇ ಕನ್ನಡ ಬಂದಿತ್ತು. ಒಂದು ವರ್ಷದ ನಂತರ ರಶ್ಮಿ ನನಗೆ ಫೋನ್ ಮಾಡಿದಳು. ಗೇಮಿನ ಕಂಪೆನಿಯವರು ಕನ್ನಡದ ಸ್ವರ ತೆಗೆದುಬಿಟ್ಟಿದ್ದಾರಂತೆ. ಪ್ರತಿ ಸಲ ಹೊಸ ಕತೆ ಸೇರಿಸುವಾಗ ಎಲ್ಲ ಭಾಷೆಯಲ್ಲೂ ಮತ್ತೆ ಜನ ಕೂರಿಸಿ ಹೇಳಿಸುವುದು ಖರ್ಚಿನಲ್ಲಿ ಅವರಿಗೆ ಪೂರೈಸುವುದಿಲ್ಲ. ಇನ್ನು ಮೇಲೆ ಕನ್ನಡದ ಅಕ್ಷರ ಮಾತ್ರ.

"ಯಾರಾದ್ರೂ ಕೂತು ಕೇಳ್ತಿದ್ರಾ?" ಎಂದು ಕೇಳಿದೆ.

"ಹೆಚ್ಚಿನವರು ಸ್ಕಿಪ್ ಮಾಡ್ತಾರೆ ಮಿಸ್" ಎಂದಳು. ಆ ಹುಡುಗಿಗೆ ಅಳು ಬಂದಿತ್ತು.

ನಾನು ಕುಂಬ್ರಕ್ಕೆ ಹೋಗಿ ಮಾಸ್ಟ್ರಿಗೆ ಹೇಳಿದೆ. ಅವರಿಗೆ ಬೆಲ್ಲ ಹಚ್ಚಿದ ಮಾತು ಆಗುತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವರ ತೆಗೆದದ್ದಕ್ಕೆ ತಲೆಯಾಡಿಸಿದರು. ಸ್ಕಿಪ್ ಎನ್ನುವಾಗ ಮುಂದಕ್ಕೆ ಬಾಗಿದರು. ಪಿಸುಮಾತಿನಲ್ಲಿ ಕೇಳಿದರು.

"ಎಲ್ಲರೂ?"

"ಹೆಚ್ಚಿನವರು."

"ಹೆಚ್ಚಿನವರು ಅಂದ್ರೆ ಎಲ್ಲರೂ ಅಲ್ಲ."

"ಅಲ್ಲ."

"ಹಾಗಾದ್ರೆ ಒಬ್ಬನಾದ್ರೂ ಕೂತಿರ್ಬೇಕು."

ಮುಂದೆ ನಾನು ಯಾವಾಗ ಹೋದರೂ ಅದೇ ಪ್ರಶ್ನೆ, ಯಾರು ಕೂತದ್ದಂತೆ, ಗೊತ್ತಾಯ್ತಾ? ನಾನು ರಶ್ಮಿಯನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ, ಕಂಪೆನಿಯವರು ಅದನ್ನೆಲ್ಲ ಹೇಳುವುದಿಲ್ಲ. ಈ ಮಳೆಗಾಲದಲ್ಲಿ ಮಾಸ್ಟ್ರು ಹೋದರು. ಅದಕ್ಕೆ ಉತ್ತರ ಸಿಗದೆಯೇ ಹೋದರು.

ನುಡಿನಮನ ಮುಗಿದ ಮೇಲೆ ಊಟಕ್ಕೆ ಎಲೆ ಹಾಕುತ್ತಿದ್ದರು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಡಬದ ಭಟ್ರು ಒಬ್ಬರೇ ಕೂತಿದ್ದರು. ವೇದಿಕೆಗೆ ಕರೆದಾಗ ಅವರು ಹೋಗಿರಲಿಲ್ಲ. ನಾನು ಅವರ ಎದುರು ಕುರ್ಚಿ ಎಳೆದುಕೊಂಡೆ.

"ನೀವು ಮಾತಾಡ್ಲಿಲ್ಲ ಭಟ್ರೆ."

"ಎಂತ ಮಾತಾಡುದು? ಅವ ಎದುರು ಇಲ್ಲ." ಜೇಬಿನಿಂದ ಫೋನ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದು ಏನೇನೋ ಒತ್ತಿದರು. "ಟೀಚರ್, ನೀವು ಹೇಳಿದ ಗೇಮ್. ಅವ ಹೇಗೆ ಸಾಯ್ತಾನೆ ನೋಡ್ವ ಅಂತ ಹಾಕಿಸಿಕೊಂಡದ್ದು. ನೋಡಿ."

ಒಂದು ಸೇತುವೆ. ಒಬ್ಬ ಮುದುಕ. ಮಾಸ್ಟ್ರ ಹೋಲಿಕೆ ಏನೂ ಇರಲಿಲ್ಲ, ಎದೆ ಮುಚ್ಚುವ ಗಡ್ಡ. ಕಲ್ಲಿನ ಮೇಲೆ ಕತ್ತಿ ಹಿಡಿದ ಒಬ್ಬ ಗಟ್ಟಿಮುಟ್ಟಾದ ಯುವಕ ಕೂತಿದ್ದ. ಅದು ಭಟ್ರು.

"ಸತ್ತದ್ದು ನೋಡಿದ್ರಾ?"

"ಇಲ್ಲ ಮಾರಾಯ್ರೆ. ಅದಕ್ಕೆ ನಾನೇ ಹೊಡೀಬೇಕಂತೆ. ಅವ 'ಕುಳಿತುಕೋ' ಅಂದ, ಕೂತೆ. ಮಾತು ಮುಗಿದ ಮೇಲೆ ನಾನು ಉತ್ತರ ಕೊಟ್ಟೆ, ಫೋನಿಗೆ. ಅದಕ್ಕೆ ಕೇಳುದಿಲ್ಲ. ಹಿಂದೆ ಬಂದೆ. ಮರುದಿನ ಪುನಃ ಹೋದೆ. ಪುನಃ ಅದೇ ಮಾತು! ನಲವತ್ತು ವರ್ಷದಲ್ಲಿ ಅವ ಒಂದು ಮಾತನ್ನು ಎರಡು ಸಲ ಹೇಳಿದ್ದನ್ನು ನಾನು ಕೇಳಿದ್ದು ಅಲ್ಲಿ ಮಾತ್ರ. ಎದುರು ಕೂತಾಗ ನನಗೆ ಮುಂದೆ ಎಂತ ಹೇಳುದು ಅಂತಲೇ ಯೋಚನೆ, ಅವ ಎಂತ ಹೇಳ್ತಿದ್ದ ಅಂತ ಸರಿ ಕೇಳಿದವನೇ ಅಲ್ಲ. ಇಲ್ಲಿ ಕೇಳಿದೆ. ದಿನಾ ಮಧ್ಯಾಹ್ನ ಊಟ ಆದ ಮೇಲೆ ಒಂದು ಸಲ."

"ಮಾಸ್ಟ್ರಿಗೆ ಹೇಳಿದ್ರಾ?"

ಭಟ್ರು ನನ್ನನ್ನು, ಏನು ಕೇಳುತ್ತಿದ್ದೀರಿ ಎಂಬ ಹಾಗೆ ನೋಡಿದರು.

"ಹೇಳಿದ್ರೆ ನಾನು ಸೋತ ಹಾಗೆ ಅಲ್ವಾ?"

ಫೋನಿನಲ್ಲಿ ಸದ್ದಿರಲಿಲ್ಲ. ಮುದುಕನ ಬಾಯಿ ಅಲುಗುತ್ತಿತ್ತು, ಕೆಳಗೆ ಅಕ್ಷರ ಬರುತ್ತಿತ್ತು. ಸ್ವರ ತೆಗೆದ ಮೇಲೂ ಹೋಗುತ್ತೀರಾ ಎಂದು ಕೇಳಿದೆ. "ಅದು ನನಗೆ ಬಾಯಿಪಾಠ ಉಂಟಲ್ಲ" ಎಂದರು ಭಟ್ರು. ಬಾಯಿಪಾಠ ಎನ್ನುವ ಶಬ್ದವನ್ನು ಒಬ್ಬ ಅರ್ಥಧಾರಿ ನಾಚಿಕೆ ಇಲ್ಲದೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಡೆಯ ಸಾಲು ಬಂತು. ಆದರೆ ನಿನಗೇನು ಅವಸರ? ಕೆಳಗೆ ಎರಡು ಬಟನ್, ಯುದ್ಧ ಮಾಡು, ಹಿಂದಿರುಗು. ಒಳಗಿನಿಂದ ಊಟಕ್ಕೆ ಏಳಿ ಎಂದು ಕರೆಯುತ್ತಿದ್ದರು.

"ಎಂತ ಅವಸರವೂ ಇಲ್ಲ ಮಾರಾಯ" ಎಂದು ಭಟ್ರು ಫೋನಿಗೆ ಹೇಳಿ ಎರಡನೆಯದನ್ನು ಒತ್ತಿದರು. ಕತ್ತಿ ಹಿಡಿದ ಯುವಕ ಕಲ್ಲಿನಿಂದ ಎದ್ದು ಬಂದ ದಾರಿಯಲ್ಲೇ ವಾಪಸು ನಡೆದ.

"ಆಚೆ ದಡದಲ್ಲಿ ದೊಡ್ಡ ಅರಮನೆ ಎಲ್ಲ ಉಂಟಂತೆ" ಎಂದರು ಭಟ್ರು, ಫೋನ್ ಜೇಬಿಗಿಡುತ್ತಾ. "ನಾನು ನೋಡ್ಲಿಲ್ಲ."